ಮಲೆನಾಡಿನ ಕ್ಯಾಂಪಿಂಗಿಗೆ ಸದ್ದು ಕಡಿಮೆ ಇರುವ ಜನರೇಟರ್ ಆರಿಸುವುದು ಹೇಗೆ?

ಕ್ಯಾಂಪರ್ ವ್ಯಾನ್ ಅಥವಾ ಕ್ಯಾರವಾನ್ ತೆಗೆದುಕೊಂಡು ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಗೆ ಬರುವವರೂ, ತೋಟದ ಮೂಲೆಯಲ್ಲಿ ಅಂಥ ವಾಹನಗಳಿಗೆ ಜಾಗ ಬಿಟ್ಟುಕೊಡುವ ಹೋಂಸ್ಟೇ ಮಾಲೀಕರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಸದ್ದು ಮಾಡದ ಜನರೇಟರ್ ಯಾವುದು, ಯಾವ ಕಂಪನಿಯದನ್ನು ಕೊಳ್ಳಬೇಕು? ಸದ್ದೇ ಮಾಡದ ಪೆಟ್ರೋಲ್ ಜನರೇಟರ್ ಎಂಬುದಿಲ್ಲ. ಒಳ್ಳೆಯ ಯಂತ್ರವೂ ಮೈಮೇಲೆ ಪೂರ್ತಿ ಲೋಡ್, ಅಂದರೆ ಜೋಡಿಸಿದ ಉಪಕರಣಗಳು ಎಳೆಯುವ ವಿದ್ಯುತ್ತಿನ ಹೊರೆ, ಬಿದ್ದಾಗ ಕೂಗಿಕೊಳ್ಳುತ್ತದೆ, ಲೋಡ್ ಕಡಿಮೆ ಇದ್ದಾಗ ತಣ್ಣಗೆ ಓಡುತ್ತದೆ. ಆದ್ದರಿಂದ ಕಂಪನಿಯ ಹೆಸರಿಗಿಂತ ಮೊದಲು ತೀರ್ಮಾನವಾಗಬೇಕಾದದ್ದು ನಿಮ್ಮ ಲೋಡ್. ನಮ್ಮ ಮಲೆನಾಡಿನಲ್ಲಿ ಆ ಲೋಡ್ ಬಹುಪಾಲು ಜನ ಅಂದುಕೊಂಡಿರುವುದಕ್ಕಿಂತ ಸಾಕಷ್ಟು ಕಡಿಮೆ.

ಹಂತ 1: ಏನೇನು ಉರಿಯಬೇಕೆಂದು ಕಾಗದದ ಮೇಲೆ ಬರೆಯಿರಿ

ಎರಡು ಅಳತೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ವ್ಯಾಟ್ ಎಂದರೆ ಒಂದು ಉಪಕರಣ ಆ ಹೊತ್ತಿಗೆ ಎಳೆಯುವ ವಿದ್ಯುತ್ತು. ವ್ಯಾಟ್-ಅವರ್ ಎಂದರೆ ಅದು ಎಷ್ಟು ಗಂಟೆ ಓಡಿತು ಎಂಬುದನ್ನು ಸೇರಿಸಿದ ಒಟ್ಟು ಲೆಕ್ಕ. ಸಾವಿರ ವ್ಯಾಟ್-ಅವರ್ ಸೇರಿದರೆ ಕರೆಂಟ್ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್.

ನಾಲ್ಕು ಜನರ ಒಂದು ಕುಟುಂಬದ ದಿನದ ಲೆಕ್ಕ ನೋಡೋಣ. ಐದು ವ್ಯಾಟಿನ ಆರು ಎಲ್‌ಇಡಿ ದೀಪಗಳು ಐದು ಗಂಟೆ ಉರಿದರೆ 150 ವ್ಯಾಟ್-ಅವರ್. ವಾಹನದೊಳಗಿನ 12 ವೋಲ್ಟಿನ ಚಿಕ್ಕ ಫ್ರಿಜ್ ದಿನವಿಡೀ ನಿಂತು ನಿಂತು ಓಡಿದರೆ ಸುಮಾರು 500. ನೀರಿನ ಪಂಪಿಗೆ 35. ನಾಲ್ಕು ಮೊಬೈಲಿಗೆ 60. ಒಂದು ಲ್ಯಾಪ್‌ಟಾಪ್ ಮೂರು ಗಂಟೆ ಕೆಲಸ ಮಾಡಿದರೆ 180. ಸಣ್ಣ ಫ್ಯಾನ್ ರಾತ್ರಿಯೆಲ್ಲ ತಿರುಗಿದರೆ 160. ಒಟ್ಟು 1085. ಬ್ಯಾಟರಿಗೆ ತುಂಬುವಾಗ, ಅದರಿಂದ ತೆಗೆಯುವಾಗ ಆಗುವ ನಷ್ಟಕ್ಕೆಂದು ಐದನೆಯ ಒಂದು ಪಾಲು ಸೇರಿಸಿದರೆ 1300 ವ್ಯಾಟ್-ಅವರ್, ಅಂದರೆ ದಿನಕ್ಕೆ ಒಂದೂಕಾಲು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು.

ಇದರಲ್ಲಿ ಏರ್ ಕಂಡೀಷನರ್ ಇಲ್ಲದಿರುವುದನ್ನು ಗಮನಿಸಿ. ಅಮೆರಿಕದ ವಿಮರ್ಶೆಗಳನ್ನು ಓದಿ ಜನರೇಟರ್ ಕೊಳ್ಳುವವರು ಎಡವುವುದು ಇಲ್ಲೇ. ಅಲ್ಲಿನ ಕ್ಯಾರವಾನುಗಳ ಚಾವಣಿಯ ಮೇಲೆ ಕೂರುವ 13,500 ಬಿಟಿಯು (ತಂಪು ಮಾಡುವ ಸಾಮರ್ಥ್ಯದ ಅಳತೆ) ಏರ್ ಕಂಡೀಷನರ್ ಓಡುವಾಗಲೇ 1300ರಿಂದ 1500 ವ್ಯಾಟ್ ಬೇಡುತ್ತದೆ, ಶುರುವಾಗುವ ಕ್ಷಣದಲ್ಲಿ ಅದಕ್ಕಿಂತ ಬಹಳ ಹೆಚ್ಚು ಎಳೆಯುತ್ತದೆ. ಅದಕ್ಕಾಗಿ ಅವರು 3000 ವ್ಯಾಟಿನ, ಒಬ್ಬರಿಂದ ಎತ್ತಲಾಗದ ಯಂತ್ರವನ್ನು ಶಿಫಾರಸು ಮಾಡುತ್ತಾರೆ. ಕಡೂರು, ಅರಸೀಕೆರೆಯ ಬಯಲಿನಲ್ಲಿ ಏಪ್ರಿಲ್ ತಿಂಗಳು ವಾಹನ ನಿಲ್ಲಿಸುವವರ ಮಾತು ಬೇರೆ. ಘಟ್ಟದ ಮೇಲಿನ ತೋಟದಲ್ಲಿ ರಾತ್ರಿ ರಗ್ಗು ಹುಡುಕುವವರಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ.

ಶಾಖ ಕೊಡುವ ಉಪಕರಣಗಳನ್ನು ಪಟ್ಟಿಯಿಂದಲೇ ತೆಗೆದುಬಿಡಿ. ಇಂಡಕ್ಷನ್ ಒಲೆ 1200ರಿಂದ 2000 ವ್ಯಾಟ್, ಎಲೆಕ್ಟ್ರಿಕ್ ಕೆಟಲ್ 1500, ನೀರು ಕಾಯಿಸುವ ಕಾಯಿಲ್ 1000ದಿಂದ 1500 ವ್ಯಾಟ್ ಎಳೆಯುತ್ತವೆ. ಬಿಸಿನೀರು, ಕಾಫಿ, ಅಡುಗೆ ಇವೆಲ್ಲ ಗ್ಯಾಸ್ ಒಲೆಯ ಮೇಲೆ ಆಗುವ ಕೆಲಸ. ಚಟ್ನಿಗೆ ಮಿಕ್ಸಿ ಬೇಕೇಬೇಕು ಎನ್ನುವವರು ಅದರ 500ರಿಂದ 750 ವ್ಯಾಟನ್ನು ಮಾತ್ರ ಬರೆದುಕೊಳ್ಳಲಿ. ಮೋಟಾರ್ ಶುರುವಾಗುವಾಗ ಬರೆದದ್ದಕ್ಕಿಂತ ಹೆಚ್ಚು ಎಳೆಯುತ್ತದೆ, ಆದ್ದರಿಂದ ಆ ಎರಡು ನಿಮಿಷ ಬೇರೆ ದೊಡ್ಡ ಲೋಡ್ ಇರದಂತೆ ನೋಡಿಕೊಂಡರೆ ಸಾಕು.

ಹಂತ 2: ಬ್ಯಾಟರಿಯನ್ನು ಮುಂದಿಟ್ಟುಕೊಂಡು ಯೋಚಿಸಿ

ಮೇಲಿನ 1300 ವ್ಯಾಟ್-ಅವರನ್ನು ದಿನವಿಡೀ ಜನರೇಟರ್ ಓಡಿಸಿ ಪಡೆಯಬೇಕಾಗಿಲ್ಲ. 12 ವೋಲ್ಟಿನ, 100 ಆಂಪಿಯರ್-ಅವರ್ ಸಾಮರ್ಥ್ಯದ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸುಮಾರು 1280 ವ್ಯಾಟ್-ಅವರ್ ಹಿಡಿಯುತ್ತದೆ. 40 ಆಂಪಿಯರಿನ ಚಾರ್ಜರ್ ಇದ್ದರೆ ಅದನ್ನು ಎರಡೂವರೆ ಗಂಟೆಯ ಆಸುಪಾಸಿನಲ್ಲಿ ತುಂಬಬಹುದು, ಮತ್ತು ಆ ಚಾರ್ಜರ್ ಜನರೇಟರಿನಿಂದ ಎಳೆಯುವುದು 700 ವ್ಯಾಟಿನೊಳಗೆ. ಮಧ್ಯಾಹ್ನ ಎರಡೂವರೆ ಗಂಟೆ ಓಡಿಸಿ ನಿಲ್ಲಿಸಿದರೆ ರಾತ್ರಿಯೆಲ್ಲ ಬ್ಯಾಟರಿಯ ಮೇಲೆ ನಡೆಯುತ್ತದೆ. ಸದ್ದು ಕಡಿಮೆ ಮಾಡುವ ಉಪಾಯಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವುದು ಇದರಲ್ಲಿ.

ಸೋಲಾರ್ ಫಲಕ ಇದ್ದಮೇಲೆ ಜನರೇಟರ್ ಏಕೆ ಎಂದು ಕೇಳುವವರಿದ್ದಾರೆ. ನವೆಂಬರಿನಿಂದ ಮೇ ತಿಂಗಳವರೆಗೆ ಆ ಮಾತು ಸರಿ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಹಾರ, ಚಾರ್ಮಾಡಿ, ಬಿಸಿಲೆಯ ಕಡೆ ದಿನಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ತೋಟದ ಸಿಲ್ವರ್ ಓಕ್ ನೆರಳಿನಲ್ಲಿ ನಿಲ್ಲಿಸಿದ ವಾಹನದ ಫಲಕವಂತೂ ಬೇಸಿಗೆಯಲ್ಲೂ ಅರ್ಧ ಕೆಲಸ ಮಾಡುವುದಿಲ್ಲ.

ಹಂತ 3: ಇನ್ವರ್ಟರ್ ಮಾದರಿಯನ್ನೇ ಆರಿಸಿ

ಮದುವೆ ಮನೆ, ಅಂಗಡಿಗಳ ಮುಂದೆ ನಾವು ಕಂಡಿರುವ ತೆರೆದ ಚೌಕಟ್ಟಿನ ಹಳೆಯ ಬಗೆಯ ಜನರೇಟರಿನಲ್ಲಿ ಎಂಜಿನ್ ಸಾಮಾನ್ಯವಾಗಿ ನಿಮಿಷಕ್ಕೆ 3000 ಸುತ್ತು ತಿರುಗಲೇಬೇಕು. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಆವರ್ತನ, ಅಂದರೆ ಸೆಕೆಂಡಿಗೆ ಐವತ್ತು ಸಲದ ಏರಿಳಿತ, ನೇರವಾಗಿ ಆ ವೇಗದಿಂದಲೇ ಹುಟ್ಟುತ್ತದೆ. ಒಂದೇ ಒಂದು ಬಲ್ಬ್ ಉರಿಯುತ್ತಿದ್ದರೂ ಅದು ಅಷ್ಟೇ ಜೋರಾಗಿ ಓಡುತ್ತದೆ. ಇನ್ವರ್ಟರ್ ಜನರೇಟರ್ ಹಾಗಲ್ಲ. ಅದು ಹುಟ್ಟಿದ ವಿದ್ಯುತ್ತನ್ನು ಮೊದಲು ಡಿಸಿಯಾಗಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಾಗಿ ಬದಲಿಸಿ, ಆಮೇಲೆ ಎಲೆಕ್ಟ್ರಾನಿಕ್ ಸರ್ಕ್ಯೂಟಿನ ಮೂಲಕ ಶುದ್ಧವಾದ 50 ಹರ್ಟ್ಸ್ ಎಸಿಯನ್ನಾಗಿ ಮಾಡಿ ಕೊಡುತ್ತದೆ. ಹಾಗಾಗಿ ಎಂಜಿನ್ ಲೋಡಿಗೆ ತಕ್ಕಂತೆ ನಿಧಾನವಾಗಬಲ್ಲದು. ಎಕೋ ಎಂಬ ಗುಂಡಿ ಮಾಡುವ ಕೆಲಸ ಇದೇ. ಸುತ್ತಲೂ ಮುಚ್ಚಿದ ಕವಚ, ದೊಡ್ಡ ಸೈಲೆನ್ಸರ್ ಇವು ಉಳಿದ ಸದ್ದನ್ನು ತಗ್ಗಿಸುತ್ತವೆ. ಮನೆಯಲ್ಲಿ ಕರೆಂಟ್ ಹೋದಾಗ ಬರುವ ಬ್ಯಾಟರಿ ಇನ್ವರ್ಟರಿಗೂ ಇದಕ್ಕೂ ಸಂಬಂಧವಿಲ್ಲ.

ಆನ್‌ಲೈನ್‌ನಲ್ಲಿ ಕೊಳ್ಳುವವರು ಎರಡನ್ನು ಪರೀಕ್ಷಿಸಲಿ. 120 ವೋಲ್ಟ್, 60 ಹರ್ಟ್ಸ್ ಎಂದು ಬರೆದಿದ್ದರೆ ಅದು ಅಮೆರಿಕಕ್ಕೆಂದು ಮಾಡಿದ ಯಂತ್ರ, ನಮ್ಮ 230 ವೋಲ್ಟಿನ ಉಪಕರಣಗಳಿಗೆ ಆಗದು. ಇನ್ನು ಕೆಲವು ಅಗ್ಗದ ಮಾದರಿಗಳು ಕವಚದ ಒಳಗೆ ಹಳೆಯ ಬಗೆಯ ಎಂಜಿನನ್ನೇ ಇಟ್ಟು ‘ಸೈಲೆಂಟ್’ ಎಂದು ಚೀಟಿ ಅಂಟಿಸಿಕೊಂಡಿರುತ್ತವೆ. ವಿವರಣೆಯಲ್ಲಿ ಪ್ಯೂರ್ ಸೈನ್ ವೇವ್ (ಏರಿಳಿತ ನಯವಾಗಿರುವ ಶುದ್ಧ ಎಸಿ), ಇನ್ವರ್ಟರ್ ಎಂಬ ಎರಡೂ ಮಾತು ಸ್ಪಷ್ಟವಾಗಿ ಇಲ್ಲದಿದ್ದರೆ ಬಿಟ್ಟುಬಿಡಿ.

ಹಂತ 4: ಎತ್ತರದ ನಷ್ಟವನ್ನು ಕಳೆದು ಗಾತ್ರ ನಿಗದಿಪಡಿಸಿ

ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಇರುವುದು ಗರಿಷ್ಠ ಶಕ್ತಿ. ಅದನ್ನು ಯಂತ್ರ ಸ್ವಲ್ಪ ಹೊತ್ತು ಮಾತ್ರ ಕೊಡಬಲ್ಲದು. ನೀವು ನೋಡಬೇಕಾದದ್ದು ರೇಟೆಡ್ ಶಕ್ತಿ, ಅಂದರೆ ಗಂಟೆಗಟ್ಟಲೆ ನಿರಂತರವಾಗಿ ಕೊಡುವ ಪ್ರಮಾಣ. ಉದಾಹರಣೆಗೆ ಹೋಂಡಾದ ಇಯು22ಐ ಮಾದರಿಯ ಗರಿಷ್ಠ 2200, ರೇಟೆಡ್ 1800.

ಆ ಸಂಖ್ಯೆಯೂ ಸಮುದ್ರಮಟ್ಟದ್ದು. ಮೇಲೆ ಹೋದಂತೆ ಗಾಳಿ ತೆಳುವಾಗಿ, ಪ್ರತಿ 300 ಮೀಟರಿಗೆ ಎಂಜಿನಿನ ಶಕ್ತಿ ಸುಮಾರು ಶೇ. 3.5ರಷ್ಟು ಇಳಿಯುತ್ತದೆ. ಚಿಕ್ಕಮಗಳೂರು ಪಟ್ಟಣವೇ ಸುಮಾರು 1090 ಮೀಟರ್ ಎತ್ತರದಲ್ಲಿದೆ, ಹಾಸನ ಮತ್ತು ಸಕಲೇಶಪುರ ಸಾವಿರ ಮೀಟರಿನ ಆಸುಪಾಸಿನಲ್ಲಿವೆ, ಕೆಮ್ಮಣ್ಣುಗುಂಡಿ 1400 ಮೀಟರನ್ನು ದಾಟುತ್ತದೆ. ಹೀಗಾಗಿ 1800 ವ್ಯಾಟಿನ ಯಂತ್ರ ಚಿಕ್ಕಮಗಳೂರಿನಲ್ಲಿ 1570ರಷ್ಟು, ಕೆಮ್ಮಣ್ಣುಗುಂಡಿಯಲ್ಲಿ 1500ರಷ್ಟು ಕೊಟ್ಟೀತು. ಮಂಗಳೂರಿನಲ್ಲಿ ಸರಾಗವಾಗಿ ಎಳೆದ ಲೋಡನ್ನು ಬಾಬಾಬುಡನ್‌ಗಿರಿಯ ತಪ್ಪಲಿನಲ್ಲಿ ಎಳೆಯದೆ ಮುಗ್ಗರಿಸಿದರೆ ಯಂತ್ರ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಕಾಗಿಲ್ಲ.

ಈಗ ಗಾತ್ರ. ಲೋಡ್ 700 ವ್ಯಾಟ್ ತಾನೇ, 900 ವ್ಯಾಟ್ ರೇಟೆಡ್ ಇರುವ ಸಣ್ಣದು ಸಾಕಲ್ಲ ಎಂದು ತೋರುವುದು ಸಹಜ. ಎತ್ತರದ ನಷ್ಟ ಕಳೆದರೆ ಅದರ ಬಳಿ 785 ವ್ಯಾಟ್ ಉಳಿಯುತ್ತದೆ, ಅದು ಎರಡೂವರೆ ಗಂಟೆಯೂ ಏದುಸಿರು ಬಿಡುತ್ತಲೇ ಓಡಬೇಕಾಗುತ್ತದೆ. 2000 ವ್ಯಾಟ್ ವರ್ಗದ ಯಂತ್ರ ಅದೇ ಕೆಲಸವನ್ನು ಅರ್ಧಕ್ಕಿಂತ ಕಡಿಮೆ ಲೋಡಿನಲ್ಲಿ, ನಿಧಾನದ ವೇಗದಲ್ಲಿ ಮಾಡುತ್ತದೆ. ತೂಕವೂ 20 ಕೆಜಿಯ ಆಸುಪಾಸು, ಒಬ್ಬರೇ ವಾಹನದಿಂದ ಇಳಿಸಬಹುದು. ನಮ್ಮ ಜಿಲ್ಲೆಗಳ ಕ್ಯಾಂಪಿಂಗಿಗೆ ಈ ವರ್ಗ ಸರಿಯಾದದ್ದು ಎಂಬುದು ನನ್ನ ಅಭಿಪ್ರಾಯ. ಇದಕ್ಕಿಂತ ದೊಡ್ಡದನ್ನು ಏರ್ ಕಂಡೀಷನರ್ ಇರುವವರು ಮಾತ್ರ ನೋಡಲಿ. ಮುಂದೆಂದಾದರೂ ಹೆಚ್ಚು ಬೇಕಾದೀತು ಎಂಬ ಸಂಶಯವಿದ್ದರೆ, ಎರಡು ಯಂತ್ರಗಳನ್ನು ಜೋಡಿಸಿ ಓಡಿಸುವ ಪ್ಯಾರಲಲ್ ಸೌಲಭ್ಯವಿರುವ ಮಾದರಿಯನ್ನು ತೆಗೆದುಕೊಳ್ಳಿ.

ಹಂತ 5: ಡೆಸಿಬೆಲ್ ಸಂಖ್ಯೆಯನ್ನು ಪ್ರಶ್ನಿಸಿ ಓದಿ

ಡೆಸಿಬೆಲ್ ಎಂಬುದು ಸದ್ದಿನ ಅಳತೆ, ಆದರೆ ಮೀಟರ್, ಕಿಲೋಗಳಂತೆ ಸಮನಾಗಿ ಏರುವ ಅಳತೆಯಲ್ಲ. ಹತ್ತು ಡೆಸಿಬೆಲ್ ಹೆಚ್ಚಾದರೆ ಕಿವಿಗೆ ಸದ್ದು ಇಮ್ಮಡಿಯಾದಂತೆ ಕೇಳುತ್ತದೆ. ಜಾಹೀರಾತಿನಲ್ಲಿ ಬರುವ ಒಂದೇ ಒಂದು ಸಂಖ್ಯೆಯನ್ನು ನಂಬುವ ಮೊದಲು ಎರಡು ಪ್ರಶ್ನೆ ಕೇಳಿ: ಎಷ್ಟು ದೂರದಿಂದ ಅಳೆದದ್ದು, ಎಷ್ಟು ಲೋಡಿನಲ್ಲಿ ಅಳೆದದ್ದು? ರೂಢಿಯಲ್ಲಿರುವ ದೂರ 7 ಮೀಟರ್. ಮೇಲೆ ಹೇಳಿದ ಹೋಂಡಾ ಮಾದರಿ ಆ ದೂರದಲ್ಲಿ ಕಾಲು ಭಾಗ ಲೋಡಿನಲ್ಲಿ 48, ಪೂರ್ತಿ ರೇಟೆಡ್ ಲೋಡಿನಲ್ಲಿ 57 ಡೆಸಿಬೆಲ್ ಎಂದು ಅಮೆರಿಕದ ವಿವರಪಟ್ಟಿ ಹೇಳುತ್ತದೆ. ಒಂದೇ ಯಂತ್ರ, ಒಂಬತ್ತು ಡೆಸಿಬೆಲ್ ವ್ಯತ್ಯಾಸ. ಮಾರುವವರು ಯಾವ ಸಂಖ್ಯೆಯನ್ನು ಮುಂದಿಡುತ್ತಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಗೊಂದಲವಿದೆ. ಭಾರತದಲ್ಲಿ ಪೆಟ್ರೋಲ್ ಜನರೇಟರಿಗೆ 86 ಡೆಸಿಬೆಲ್ ಎಂಬ ಮಿತಿ ಇದೆ. ಇದು ಯಂತ್ರ ಒಟ್ಟಾರೆ ಹೊರಸೂಸುವ ಸದ್ದಿನ ಶಕ್ತಿಯ ಅಳತೆಯೇ ಹೊರತು ನಿಮ್ಮ ಕಿವಿಗೆ ತಲುಪುವ ಸದ್ದಲ್ಲ. ಬಯಲಿನಲ್ಲಿ 7 ಮೀಟರ್ ದೂರಕ್ಕೆ ಅದು ಸುಮಾರು 61 ಆಗುತ್ತದೆ. ಒಂದು ಕಂಪನಿಯ 86ನ್ನು ಇನ್ನೊಂದು ಕಂಪನಿಯ 58ರ ಜೊತೆ ಹೋಲಿಸಿ ಮೊದಲನೆಯದನ್ನು ತಳ್ಳಿಹಾಕುವ ಮುನ್ನ ಎರಡೂ ಒಂದೇ ಅಳತೆಯೇ ಎಂದು ನೋಡಿ.

ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 7 ಮೀಟರಿನಲ್ಲಿ 57 ಇದ್ದದ್ದು 14 ಮೀಟರಿನಲ್ಲಿ 51, 28 ಮೀಟರಿನಲ್ಲಿ 45. ಶಬ್ದಮಾಲಿನ್ಯ ನಿಯಂತ್ರಣದ 2000ದ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಎಂದು ಗೆರೆ ಎಳೆದಿವೆ. ಪಕ್ಕದ ಡೇರೆಯವರಿಗೂ ತೋಟದ ಲೈನ್ ಮನೆಗಳಲ್ಲಿ ಮಲಗಿರುವ ಕೆಲಸಗಾರರಿಗೂ ಎಷ್ಟು ದೂರ ಬಿಡಬೇಕೆಂಬುದು ಈ ಎರಡು ಲೆಕ್ಕ ಸೇರಿಸಿದರೆ ಗೊತ್ತಾಗುತ್ತದೆ.

ಹಂತ 6: ಅಂಗಡಿಯಲ್ಲಿ ಲೋಡ್ ಹಾಕಿಸಿ ಕೇಳಿ

ಖಾಲಿ ಓಡುತ್ತಿರುವ ಜನರೇಟರಿನ ಪಕ್ಕ ನಿಂತು ‘ಸದ್ದೇ ಇಲ್ಲ’ ಎಂದು ಮೆಚ್ಚಿಕೊಂಡು ಹಣ ಕೊಟ್ಟವರು ಬಹಳ. ಮನೆಯಿಂದ ಒಂದು ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆ ತೆಗೆದುಕೊಂಡು ಹೋಗಿ. ಎಕೋ ಗುಂಡಿ ಒತ್ತಿರುವಾಗಲೇ ಅದನ್ನು ಹಚ್ಚಿ. ಎಂಜಿನ್ ಒಂದು ಕ್ಷಣ ತಗ್ಗಿ ತಕ್ಷಣ ಮೇಲೇರಿ ಸ್ಥಿರವಾಗಬೇಕು. ಏರಿಳಿಯುತ್ತಲೇ ಇದ್ದರೆ ಕಾರ್ಬ್ಯುರೇಟರಿನಲ್ಲಿ ದೋಷವಿರಬಹುದು. ಇಸ್ತ್ರಿ ಪೆಟ್ಟಿಗೆ ಕಾದು ತಾನಾಗಿ ಆರಿದಾಗ ಎಂಜಿನ್ ಮತ್ತೆ ನಿಧಾನಕ್ಕೆ ಇಳಿಯಬೇಕು. ಹತ್ತು ಹೆಜ್ಜೆ ಹಿಂದೆ ಸರಿದು, ಹೊಗೆ ಹೊರಬರುವ ಎಕ್ಸಾಸ್ಟ್ ಇರುವ ಬದಿಯಲ್ಲೂ ಅದರ ಎದುರು ಬದಿಯಲ್ಲೂ ನಿಂತು ಕೇಳಿಸಿಕೊಳ್ಳಿ. ಮೊಬೈಲಿನ ಡೆಸಿಬೆಲ್ ಆ್ಯಪ್ ಕರಾರುವಾಕ್ಕಲ್ಲ, ಆದರೆ ಒಂದೇ ಜಾಗದಲ್ಲಿ ಎರಡು ಯಂತ್ರಗಳನ್ನು ಹೋಲಿಸಲು ಸಾಕು.

ಬೆಲೆ ಮಾತನಾಡುವ ಮೊದಲು ಸರ್ವೀಸ್ ಎಲ್ಲಿ ಎಂದು ಕೇಳಿ. ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಸ್ಟಾರ್ಟರಿನ ಹಗ್ಗ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಸಿಗದೆ ಪ್ರತಿಯೊಂದಕ್ಕೂ ಬೆಂಗಳೂರಿಗೆ ಬರೆಯಬೇಕಾದರೆ, ಉಳಿಸಿದ ಹಣ ಮೊದಲ ಮಳೆಗಾಲದಲ್ಲೇ ಕೈಬಿಡುತ್ತದೆ.

ಹಂತ 7: ಇಡುವ ಜಾಗದ ವಿಚಾರದಲ್ಲಿ ರಾಜಿ ಬೇಡ

ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಕರಿಕೆ, ತಲೆಸುತ್ತು ಅದರ ಮೊದಲ ಲಕ್ಷಣಗಳು. ಮಲಗಿರುವವರಿಗೆ ಈ ಲಕ್ಷಣಗಳೂ ತಿಳಿಯುವುದಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಆದ್ದರಿಂದ ವಾಹನ ಮತ್ತು ಡೇರೆಯಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಗಾಳಿ ನಿಮ್ಮಿಂದ ಅದರ ಕಡೆಗೆ ಬೀಸುವಂತೆ, ಎಕ್ಸಾಸ್ಟ್ ಆಚೆಗೆ ಮುಖ ಮಾಡಿರುವಂತೆ ಇಡಬೇಕು. ಮಳೆ ಎಂದು ಹೋಂಸ್ಟೇಯ ಜಗಲಿಯಲ್ಲೋ, ವಾಹನದ ಮೇಲಾವರಣದ ಕೆಳಗೋ, ಕೊಟ್ಟಿಗೆಯೊಳಗೋ ಓಡಿಸಬೇಡಿ. ಮಂಜು ಕವಿದು ಗಾಳಿ ಅಲುಗದ ಸಂಜೆಗಳಲ್ಲಿ, ಅದರಲ್ಲೂ ಕಣಿವೆಯ ತಳದಲ್ಲಿ, ಹೊಗೆ ನೆಲದ ಮಟ್ಟದಲ್ಲೇ ನಿಲ್ಲುತ್ತದೆ; ಆಗ ದೂರವನ್ನು ಇನ್ನೂ ಹೆಚ್ಚಿಸಿ. ವಾಹನದೊಳಗೆ ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು.

ಮಳೆಯಲ್ಲಿ ಓಡಿಸಲೇಬೇಕಾದರೆ ನಾಲ್ಕು ಗೂಟದ ಮೇಲೆ ಎತ್ತರಕ್ಕೆ ಟಾರ್ಪಾಲು ಕಟ್ಟಿ, ನಾಲ್ಕೂ ಬದಿ ತೆರೆದಿಟ್ಟು, ಯಂತ್ರವನ್ನು ಹಲಗೆ ಅಥವಾ ಚಪ್ಪಡಿಯ ಮೇಲಿಡಿ. ಕೆಳಗೆ ಒಂದು ರಬ್ಬರ್ ಮ್ಯಾಟ್ ಹಾಕಿದರೆ ನಡುಕದ ಸದ್ದೂ ಇಳಿಯುತ್ತದೆ. ಸದ್ದು ತಗ್ಗಲೆಂದು ಪೆಟ್ಟಿಗೆಯೊಳಗೆ ಮುಚ್ಚಿಡುವುದು ಅಪಾಯ: ತಂಪುಗಾಳಿ ಸಿಗದೆ ಎಂಜಿನ್ ಕಾಯುತ್ತದೆ, ಬೆಂಕಿಯೂ ಹೊತ್ತಿಕೊಳ್ಳಬಹುದು. ಮಣ್ಣಿನ ದಿಬ್ಬದ ಆಚೆ ಬದಿಗೆ ಇಡುವುದು ಅದಕ್ಕಿಂತ ಒಳ್ಳೆಯ ಉಪಾಯ.

ಇಲ್ಲಿಗೇ ವಿಶೇಷವಾದ ಮೂರು ಎಚ್ಚರಿಕೆಗಳಿವೆ. ಮೊದಲನೆಯದು ಕಾಫಿ ಕಣ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ. ಪೆಟ್ರೋಲ್ ಹೊಗೆ ಬಡಿದ ಬೀಜದ ಬೆಲೆ ಏನಾಗುತ್ತದೆಂದು ತೋಟದವರನ್ನೇ ಕೇಳಿ. ಎರಡನೆಯದು ಬೆಂಕಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ, ಕಾದ ಸೈಲೆನ್ಸರಿನ ಬಳಿ ಒಂದು ಎಸಳು ಹುಲ್ಲೂ ಇರಬಾರದು. ಮೂರನೆಯದು ಆನೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ತೋಟಗಳಲ್ಲಿ ಕಾಡಾನೆಯ ಓಡಾಟ ಮಾಮೂಲು; ಕತ್ತಲಲ್ಲಿ ಅದು ಹತ್ತಿರ ಬಂದಿರುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ, ಬೈನೆ ಮರ ಲಟಲಟನೆ ಮುರಿಯುವ ಸದ್ದಿನಿಂದ. ಕತ್ತಲಾದ ಮೇಲೆ ಯಂತ್ರ ಓಡುತ್ತಿದ್ದರೆ ಆ ಸದ್ದು ಕೇಳಿಸದು. ನೆರೆಯವರ ನಿದ್ದೆಯ ಪ್ರಶ್ನೆ ಇಲ್ಲದ ಕಡೆಯೂ ರಾತ್ರಿ ಜನರೇಟರ್ ಬೇಡ ಎನ್ನಲು ಇದೊಂದೇ ಕಾರಣ ಸಾಕು. ಭದ್ರಾ, ಕುದುರೆಮುಖ, ಬಿಸಿಲೆಯ ಕಾಡಿನೊಳಗಂತೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಡೇರೆ ಹಾಕುವಂತೆಯೇ ಇಲ್ಲ.

ಹಂತ 8: ಸಂಪರ್ಕ ಕೊಡುವಾಗ

ಜನರೇಟರ್ ದೂರವಿರುವುದರಿಂದ ಉದ್ದನೆಯ ವೈರ್ ಬೇಕು. 2.5 ಚದರ ಮಿಲಿಮೀಟರಿನ, ಮೂರು ಎಳೆಯ ತಾಮ್ರದ ಹೊರಾಂಗಣ ಕೇಬಲ್ ತೆಗೆದುಕೊಳ್ಳಿ, ಓಡಿಸುವಾಗ ಸುರುಳಿಯನ್ನು ಪೂರ್ತಿ ಬಿಚ್ಚಿ. ಸುತ್ತಿಟ್ಟ ಕೇಬಲ್ ಒಳಗೊಳಗೇ ಕಾಯುತ್ತದೆ.

ಬಹುತೇಕ ಇನ್ವರ್ಟರ್ ಜನರೇಟರುಗಳಲ್ಲಿ ನ್ಯೂಟ್ರಲ್ ತಂತಿಗೆ ಭೂಮಿಯ ಸಂಪರ್ಕ ಇರುವುದಿಲ್ಲ. ಇದನ್ನು ಫ್ಲೋಟಿಂಗ್ ನ್ಯೂಟ್ರಲ್ ಎನ್ನುತ್ತಾರೆ. ಟೆಸ್ಟರ್ ಇಟ್ಟು ನೋಡಿದರೆ ಎರಡೂ ತೂತಿನಲ್ಲಿ ಮಂದವಾಗಿ ಉರಿಯಬಹುದು; ಅದನ್ನು ಕಂಡು ಯಂತ್ರ ಬಿಚ್ಚಲು ಹೋಗಬೇಡಿ. ಆದರೆ ಶಾಕ್ ತಗುಲಿದಾಗ ಕರೆಂಟ್ ಕಡಿಯುವ ಆರ್‌ಸಿಸಿಬಿ ಸ್ವಿಚ್ ಇಂಥ ಜೋಡಣೆಯಲ್ಲಿ ಕೆಲಸ ಮಾಡದಿರಬಹುದು, ಆದ್ದರಿಂದ ವಾಹನದ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ನರಿಗೆ ಜನರೇಟರಿನ ಮಾದರಿಯನ್ನು ಹೇಳಿ ಸರಿಪಡಿಸಿಕೊಳ್ಳಿ.

ಹೋಂಸ್ಟೇ ಮಾಲೀಕರಿಗೆ ಒಂದು ಮಾತು. ಮನೆಯನ್ನು ಹೊರಗಿನ ಲೈನಿನಿಂದ ಬಿಡಿಸಿ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ಮನೆಯ ಪ್ಲಗ್ಗಿಗೆ ಹಿಮ್ಮುಖವಾಗಿ ಚುಚ್ಚಿದರೆ ವಿದ್ಯುತ್ತು ಮೀಟರ್ ದಾಟಿ ಹೊರಗಿನ ಲೈನಿಗೆ ಹರಿಯುತ್ತದೆ. ಮಳೆಗೆ ಬಿದ್ದ ಕಂಬವನ್ನು ಸರಿಪಡಿಸಲು ಹತ್ತಿದ ಲೈನ್‌ಮನ್‌ಗೆ, ಅವರು ಚಿಕ್ಕಮಗಳೂರಿನ ಮೆಸ್ಕಾಂನವರಿರಲಿ, ಹಾಸನದ ಚಾಮುಂಡೇಶ್ವರಿ ನಿಗಮದವರಿರಲಿ, ಅದು ಪ್ರಾಣಕ್ಕೆ ಬರುತ್ತದೆ.

ಹಂತ 9: ಪೆಟ್ರೋಲ್, ಆಯಿಲ್ ಮತ್ತು ಎತ್ತಿಡುವ ಕ್ರಮ

ದಿನಕ್ಕೆ ಎರಡೂವರೆ ಗಂಟೆಯ ಬಳಕೆಗೆ ಒಂದೂವರೆ ಲೀಟರ್ ಪೆಟ್ರೋಲ್ ಹಿಡಿಯಿರಿ. ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ಯಬೇಡಿ. ಬಿಗಿ ಮುಚ್ಚಳದ ಲೋಹದ ಕ್ಯಾನ್ ಬೇಕು, ಅದೂ ಜನ ಕೂರುವ ಜಾಗದಿಂದ ಬೇರೆಯಾಗಿರಬೇಕು. ಬಿಸಿ ಎಂಜಿನಿಗೆ ಪೆಟ್ರೋಲ್ ಸುರಿಯದೆ ಕಾಲು ಗಂಟೆ ಆರಲು ಬಿಡಿ.

ಆಯಿಲನ್ನು ಮೊದಲ 20 ಗಂಟೆಗೆ ಒಮ್ಮೆ, ಆಮೇಲೆ ಪ್ರತಿ 100 ಗಂಟೆ ಅಥವಾ ಆರು ತಿಂಗಳಿಗೆ ಬದಲಿಸುವುದು ರೂಢಿ. ನಿಮ್ಮ ಯಂತ್ರದ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಪಾಲಿಸಿ. ಇಳಿಜಾರಿನಲ್ಲಿ ಇಟ್ಟರೆ ಆಯಿಲ್ ಕಡಿಮೆಯಿದೆ ಎಂದು ಭ್ರಮಿಸಿ ಯಂತ್ರ ತಾನಾಗಿ ನಿಲ್ಲುತ್ತದೆ, ಮೊದಲು ಮಟ್ಟಸವಾಗಿ ಇಟ್ಟು ನೋಡಿ.

ಈಗ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನಿಮ್ಮ ಮಾದರಿಗೆ ಇ20 ಒಪ್ಪುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿಕೊಳ್ಳಿ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳಲ್ಲಿ ಅಂಟಾಗಿ ಕೂರುತ್ತದೆ. ‘ಹೋದ ವರ್ಷ ಚೆನ್ನಾಗಿತ್ತು, ಈಗ ಸ್ಟಾರ್ಟೇ ಆಗುತ್ತಿಲ್ಲ’ ಎಂಬ ದೂರಿನ ಮೂಲ ಬಹುತೇಕ ಇದೇ. ಎತ್ತಿಡುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಏರ್ ಫಿಲ್ಟರಿನ ಕೆಂಧೂಳು ತೊಳೆದು ಒಣಗಿಸಿ ಹಾಕಿ. ಬಳಕೆ ಇಲ್ಲದ ತಿಂಗಳುಗಳಲ್ಲಿ ಸ್ವಲ್ಪ ಹೊಸ ಪೆಟ್ರೋಲ್ ಹಾಕಿ ತಿಂಗಳಿಗೊಮ್ಮೆ ಕಾಲು ಗಂಟೆ, ಇಸ್ತ್ರಿ ಪೆಟ್ಟಿಗೆಯ ಲೋಡ್ ಕೊಟ್ಟು ಓಡಿಸಿ, ಮತ್ತೆ ಹಾಗೆಯೇ ಖಾಲಿ ಮಾಡಿಡಿ.